ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತು?

ಒಬ್ಬ ಯುವಕ ಪಕ್ಕದ ಮನೆಯವರ ಸ್ಕೂಟರ್ ತೆಗೆದುಕೊಂಡು ಹೋಗಿ ಮಾರಿಬಿಟ್ಟ. ಇದು ಯಾವ ಅಪರಾಧ? ಕ್ರಿಮಿನಲ್ ಕಾನೂನು ಓದಲು ಶುರುಮಾಡಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಥಟ್ಟನೆ ‘ಕಳ್ಳತನ’ ಎನ್ನುತ್ತಾರೆ. ಸರಿಯಿದ್ದರೂ ಇರಬಹುದು. ಆದರೆ ಇಷ್ಟೇ ಸಂಗತಿ ಇಟ್ಟುಕೊಂಡು ಹಾಗೆ ಹೇಳಲು ಬರುವುದಿಲ್ಲ, ಏಕೆಂದರೆ ಮಾರುವ ಯೋಚನೆ ಅವನಿಗೆ ಯಾವಾಗ ಬಂತು ಎಂಬುದನ್ನು ಯಾರೂ ಹೇಳಿಲ್ಲ.

ಗೋಡೆಯ ಮೊಳೆಗೆ ನೇತುಹಾಕಿದ್ದ ಕೀಲಿಯನ್ನು ಯಾರಿಗೂ ಹೇಳದೆ ಎತ್ತಿಕೊಂಡು, ಮಾರಬೇಕೆಂದೇ ಗಾಡಿ ಹೊರಡಿಸಿದ್ದರೆ ಅದು ಕಳವು: ಭಾರತೀಯ ನ್ಯಾಯ ಸಂಹಿತೆಯ ಕಲಂ 303(2), ಮೂರು ವರ್ಷದವರೆಗೆ ಸಜೆ. ಗಿರಾಕಿಯನ್ನು ಮೊದಲೇ ಗೊತ್ತುಮಾಡಿಕೊಂಡು, “ಆಂಟಿ, ಆಸ್ಪತ್ರೆಗೆ ಹೋಗಿ ಬಂದ್ಬಿಡ್ತೀನಿ, ಗಾಡಿ ಕೊಡಿ” ಎಂದು ಕೇಳಿ ಪಡೆದಿದ್ದರೆ ಅದು ಕಳವಲ್ಲ, ಮೋಸ: ಕಲಂ 318(4), ಏಳು ವರ್ಷದವರೆಗೆ. ನಿಜವಾಗಿಯೂ ಆಸ್ಪತ್ರೆಗೆಂದೇ ಪಡೆದು, ಮೂರನೆಯ ದಿನ ಸಾಲ ಕೊಟ್ಟವರ ಕಾಟ ತಾಳಲಾರದೆ ಮಾರಿದ್ದರೆ ಕಳವೂ ಅಲ್ಲ, ಮೋಸವೂ ಅಲ್ಲ. ನಂಬಿಕೆ ದ್ರೋಹ, ಕಲಂ 316(2), ಐದು ವರ್ಷದವರೆಗೆ. ಇನ್ನು ನಾಲ್ಕನೆಯದು. ಎರಡೂ ಮನೆಗಳಿಗೆ ಅಷ್ಟು ಸಲುಗೆ ಇದೆ, ಕೇಳದೆ ತೆಗೆದುಕೊಂಡರೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ನಂಬಿ ಸ್ಕೂಟರ್ ಒಯ್ದ, ಆಮೇಲೆ ಬುದ್ಧಿ ಕೆಟ್ಟು ಮಾರಿದ. ಆಗ ಕಲಂ 314ರ ಸ್ವತ್ತಿನ ದುರ್ವಿನಿಯೋಗ. ಗೆಳೆಯನ ಪುಸ್ತಕವನ್ನು ಓದಲೆಂದು ಒಯ್ದು ಆಮೇಲೆ ಮಾರಿದವನ ಉದಾಹರಣೆಯನ್ನು ಆ ಕಲಮಿನ ಕೆಳಗೆ ಶಾಸನವೇ ಕೊಟ್ಟಿದೆ.

ಸ್ಕೂಟರ್ ಒಂದೇ, ಯುವಕ ಒಬ್ಬನೇ, ಕೊನೆಗೆ ಆದದ್ದೂ ಒಂದೇ. ಅಪರಾಧ ಮಾತ್ರ ನಾಲ್ಕು. ಕೃತ್ಯ ಮತ್ತು ಮನಸ್ಸು ಎರಡೂ ಕೂಡಿದರೆ ಅಪರಾಧ ಎಂದು ಮೊದಲ ತರಗತಿಯಲ್ಲೇ ಹೇಳಿಕೊಡುತ್ತಾರೆ. ಆಕ್ಟಸ್ ರಿಯಸ್, ಮೆನ್ಸ್ ರಿಯಾ ಎಂಬ ಲ್ಯಾಟಿನ್ ಪದಗಳೂ ಬಾಯಿಗೆ ಬರುತ್ತವೆ. ಅವೆರಡೂ ಒಂದೇ ಗಳಿಗೆಯಲ್ಲಿ ಕೂಡಿದ್ದವೇ ಎಂದು ಕೇಳುವ ಅಭ್ಯಾಸ ಮಾತ್ರ ಬಹಳ ತಡವಾಗಿ ಬರುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದೂ, ಮುಂದೆ ವಕೀಲರಾದಾಗ ಕೇಸು ಸೋಲುವುದೂ ಬಹುಮಟ್ಟಿಗೆ ಇಲ್ಲಿಯೇ.

ಗಳಿಗೆಯ ಪ್ರಶ್ನೆಗೂ ಮೊದಲು ತಾರೀಖಿನ ಪ್ರಶ್ನೆಯಿದೆ. 1860ರ ಭಾರತೀಯ ದಂಡ ಸಂಹಿತೆ (ಐಪಿಸಿ) 511 ಕಲಮುಗಳದ್ದು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ 358 ಕಲಮುಗಳದ್ದು, ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಹಿಂದೆ ನಡೆದ ಕೃತ್ಯಕ್ಕೆ, ಎಫ್‌ಐಆರ್ ಯಾವಾಗಲೇ ಆಗಲಿ, ಹಳೆಯ ಐಪಿಸಿಯೇ ಅನ್ವಯ. ಸಂವಿಧಾನದ 20(1)ನೇ ವಿಧಿ ಹೇಳುವುದು ಇದನ್ನೇ: ಕೃತ್ಯ ನಡೆದ ಹೊತ್ತಿನಲ್ಲಿ ಜಾರಿಯಲ್ಲಿದ್ದ ಕಾನೂನನ್ನು ಮೀರಿದ್ದರೆ ಮಾತ್ರ ಶಿಕ್ಷೆ, ಅದೂ ಆಗ ಇದ್ದ ಶಿಕ್ಷೆಗಿಂತ ಹೆಚ್ಚಿಲ್ಲ.

ಇದು ಬರೀ ಕಲಂ ಸಂಖ್ಯೆ ಬದಲಾದ ವಿಷಯವಲ್ಲ. ಗದ್ದೆಯ ಬದುವಿನ ಜಗಳದಲ್ಲಿ ಒಬ್ಬನಿಗೆ ದೊಣ್ಣೆ ಏಟು ಬಿತ್ತು. ಮೂಳೆ ಮುರಿದಿಲ್ಲ, ಜೀವಕ್ಕೆ ಅಪಾಯವಿಲ್ಲ. ಆದರೆ 17 ದಿನ ಎಂದಿನ ಕೆಲಸ ಮಾಡಿಕೊಳ್ಳಲು ಆಗಲಿಲ್ಲ. ಐಪಿಸಿಯ 320ನೇ ಕಲಂ ತೀವ್ರ ಗಾಯಕ್ಕೆ 20 ದಿನ ಕೇಳುತ್ತಿತ್ತು, ಹೊಸ ಸಂಹಿತೆಯ 116ನೇ ಕಲಮಿಗೆ 15 ದಿನ ಸಾಕು. ಜಗಳ 2024ರ ಜೂನ್ 28ಕ್ಕೆ ನಡೆದಿದ್ದರೆ ಸಾದಾ ಗಾಯ, ಹೆಚ್ಚೆಂದರೆ ಒಂದು ವರ್ಷ. ಜುಲೈ 2ಕ್ಕೆ ನಡೆದಿದ್ದರೆ ತೀವ್ರ ಗಾಯ, ಏಳು ವರ್ಷದವರೆಗೆ. ಇಲ್ಲಿ ಇನ್ನೊಂದು ತಪ್ಪೂ ಪದೇ ಪದೇ ಆಗುತ್ತದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ದಿನಗಳನ್ನು ಎಣಿಸಿ ಉತ್ತರ ಬರೆದುಬಿಡುತ್ತಾರೆ. ಕಲಂ ಕೇಳುವುದು ಹಾಸಿಗೆಯ ಲೆಕ್ಕವನ್ನಲ್ಲ. ತೀವ್ರ ನೋವಿನಲ್ಲಿದ್ದ ಅಥವಾ ನಿತ್ಯದ ಕೆಲಸ ಮಾಡಲಾಗದೆ ಇದ್ದ ದಿನಗಳ ಲೆಕ್ಕವನ್ನು. ಮೂರೇ ದಿನಕ್ಕೆ ಡಿಸ್ಚಾರ್ಜ್ ಆದವನು ಮನೆಯಲ್ಲಿ ಎರಡು ವಾರ ಎದ್ದು ಓಡಾಡಲಾಗದೆ ಮಲಗಿದ್ದರೆ ಆ ದಿನಗಳೂ ಸೇರುತ್ತವೆ. ಅದನ್ನು ಸಾಕ್ಷಿಯಿಂದ ಸಾಬೀತು ಮಾಡಬೇಕು, ಅಷ್ಟೆ.

ಇನ್ನು ವ್ಯಾಖ್ಯೆಯನ್ನು ಬಿಡಿಸಿ ಓದುವ ಕೆಲಸ. ಕಳವನ್ನೇ ತೆಗೆದುಕೊಳ್ಳೋಣ. 303(1)ನ್ನು ಬಿಡಿಸಿದರೆ ಐದು ಅಂಶ ಸಿಗುತ್ತವೆ: ಅಪ್ರಾಮಾಣಿಕವಾಗಿ ಪಡೆಯುವ ಉದ್ದೇಶ, ಚರ ಸ್ವತ್ತು, ಇನ್ನೊಬ್ಬರ ಸ್ವಾಧೀನ, ಅವರ ಒಪ್ಪಿಗೆಯಿಲ್ಲದಿರುವುದು, ಮತ್ತು ಸ್ವತ್ತನ್ನು ಕದಲಿಸುವುದು. ಐದರಲ್ಲಿ ಒಂದು ತಪ್ಪಿದರೂ ಕಳವಿಲ್ಲ. ‘ಸ್ವಾಧೀನ’ ಎಂದಿದೆ, ‘ಒಡೆತನ’ ಎಂದಿಲ್ಲ ಎಂಬುದನ್ನು ಗಮನಿಸಿ. ರಿಪೇರಿಗೆ ಕೊಟ್ಟ ನಿಮ್ಮದೇ ಗಡಿಯಾರವನ್ನು, ಕೂಲಿ ಕೊಡದೆ ತಪ್ಪಿಸಿಕೊಳ್ಳಲೆಂದು ಅಂಗಡಿಯವನ ಕಣ್ಣು ತಪ್ಪಿಸಿ ಎತ್ತಿಕೊಂಡು ಬಂದರೆ ನೀವೇ ಕಳ್ಳರು. ಕೂಲಿ ಬಾಕಿ ಇರುವ ತನಕ ಅದನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿದೆ.

‘ಕದಲಿಸುವುದು’ ಎಂಬ ಮಾತನ್ನು ಹಗುರವಾಗಿ ದಾಟಬಾರದು. ಅಡಿಕೆ ಮರದಲ್ಲಿರುವ ಗೊನೆ ಭೂಮಿಗೆ ಅಂಟಿಕೊಂಡದ್ದು, ಹಾಗಾಗಿ ಚರ ಸ್ವತ್ತಲ್ಲ, ಅಲ್ಲಿರುವವರೆಗೂ ಕಳವಿಗೆ ವಸ್ತುವೇ ಅಲ್ಲ. ಕತ್ತಿ ಹಾಕಿ ಮರದಿಂದ ಬೇರ್ಪಡಿಸಿದೊಡನೆ ಆಗುತ್ತದೆ. ಕೊಯ್ಯುವುದು ಮತ್ತು ಕದಲಿಸುವುದು ಒಂದೇ ಏಟಿಗೆ ಆದರೂ ಸಾಕು ಎಂದು ಕಲಮಿನ ವಿವರಣೆಯೇ ಹೇಳುತ್ತದೆ. ಗೊನೆ ಇಳಿಸಿ ಬೇಲಿಯ ಹತ್ತಿರ ಬರುವಷ್ಟರಲ್ಲಿ ತೋಟದವರು ಹಿಡಿದರೆ ‘ಒಯ್ಯಲಿಲ್ಲವಲ್ಲ, ಪ್ರಯತ್ನ ಮಾತ್ರ’ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ತಪ್ಪು. ಗೊನೆ ಕದಲಿದಾಗಲೇ ಕಳವು ಪೂರ್ತಿಯಾಗಿದೆ, ಬೇಲಿ ದಾಟಬೇಕಿಲ್ಲ. ಹಾಗೆಯೇ ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶವೂ ಬೇಕಿಲ್ಲ. ಪ್ಯಾರೇಲಾಲ್ ಭಾರ್ಗವ ಪ್ರಕರಣದಲ್ಲಿ ಆಲ್ವಾರ್‌ನ ಚೀಫ್ ಇಂಜಿನಿಯರ್ ಕಚೇರಿಯ ಸೂಪರಿಂಟೆಂಡೆಂಟ್ ಒಬ್ಬರು ಸರ್ಕಾರಿ ಕಡತವನ್ನು ಹೊರಗೆ ಒಯ್ದು, ಗೆಳೆಯನ ಕೈಗೆ ಕೊಟ್ಟು, ಮರುದಿನ ವಾಪಸ್ ತಂದಿಟ್ಟಿದ್ದರು. ಆ ಒಂದು ದಿನದ ಮಟ್ಟಿಗೆ ಕಚೇರಿಗೆ ಕಡತ ಇಲ್ಲದಂತೆ ಮಾಡಿದ್ದೇ ಸಾಕು, ಇದು ಕಳವು ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಒಂದು ಹೆಚ್ಚಿನ ತೊಡಕಿದೆ. ‘ಉದ್ದೇಶ’ ಎಂಬ ಒಂದೇ ಮಾತು ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. “ಆಸ್ತಿ ಹೊಡೆಯುವ ಉದ್ದೇಶದಿಂದ ಅಣ್ಣನನ್ನು ಕೊಂದ” ಎಂದು ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿರುವುದು ಕಾನೂನಿನ ಉದ್ದೇಶವಲ್ಲ, ಪ್ರೇರಣೆ: ಯಾಕೆ ಮಾಡಿದ ಎಂಬುದಕ್ಕೆ ಉತ್ತರ. ಕೊಲ್ಲಬೇಕು ಎಂಬ ಸಂಕಲ್ಪವೇ ಕಾನೂನಿನ ಉದ್ದೇಶ. ಪ್ರೇರಣೆ ಗೊತ್ತಾಗದಿದ್ದರೂ ಶಿಕ್ಷೆಯಾಗಬಹುದು. ಪ್ರೇರಣೆ ಒಳ್ಳೆಯದಿದ್ದರೂ ಶಿಕ್ಷೆ ತಪ್ಪುವುದಿಲ್ಲ. ನರಳುವುದನ್ನು ನೋಡಲಾರದೆ ರೋಗಿಯ ಉಸಿರು ನಿಲ್ಲಿಸಿದ ಮಗನಿಗೂ ಕೊಲ್ಲುವ ಉದ್ದೇಶವಿದೆ. ಉತ್ತರ ಬರೆಯುವಾಗ ‘ಪ್ರೇರಣೆ’, ‘ಉದ್ದೇಶ’ ಎರಡನ್ನೂ ಬೇರೆ ಬೇರೆಯಾಗಿಯೇ ಬಳಸಿ. ಉದ್ದೇಶದ ಕೆಳಗಿನ ಮೆಟ್ಟಿಲು ಅರಿವು: ಸಾವು ಬೇಕಾಗಿರಲಿಲ್ಲ, ಆಗಬಹುದೆಂದು ಗೊತ್ತಿತ್ತು. ಅದರ ಕೆಳಗೆ ನಿರ್ಲಕ್ಷ್ಯ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕುಡಿದು ಓಡಿಸಿದ ಕಾರು ಫುಟ್‌ಪಾತ್ ಮೇಲೆ ಮಲಗಿದ್ದ ಕಾರ್ಮಿಕರ ಮೇಲೆ ಹರಿದು 7 ಮಂದಿ ಸತ್ತರು. ಇದು ಬರೀ ನಿರ್ಲಕ್ಷ್ಯವಲ್ಲ, ಸಾವು ಸಂಭವಿಸಬಹುದೆಂಬ ಅರಿವು ಇತ್ತು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಮೇಲಿನ ಮೆಟ್ಟಿಲಿಗೂ ಕೆಳಗಿನದಕ್ಕೂ ನಡುವಿನ ಗೆರೆ ಎಷ್ಟು ತೆಳು ಎಂದು ತಿಳಿಯಲು ಆ ತೀರ್ಪನ್ನು ಓದಲೇಬೇಕು.

ಈ ಮೆಟ್ಟಿಲುಗಳ ನಿಜವಾದ ಪರೀಕ್ಷೆ ನರಹತ್ಯೆಯ ಕಲಮುಗಳಲ್ಲಿ. ಎಲ್ಲ ಕೊಲೆಯೂ ದಂಡನೀಯ ನರಹತ್ಯೆಯೇ, ಎಲ್ಲ ದಂಡನೀಯ ನರಹತ್ಯೆಯೂ ಕೊಲೆಯಲ್ಲ. ಕಲಂ 100 ಮತ್ತು 101ನ್ನು ಎದುರುಬದುರು ಇಟ್ಟುಕೊಂಡು ಪದಪದವನ್ನೂ ಹೋಲಿಸಿ. 100ರಲ್ಲಿ ‘ಸಾವು ಉಂಟಾಗುವ ಸಂಭವವಿರುವ ಗಾಯ’. 101ರ ಮೂರನೆಯ ಖಂಡದಲ್ಲಿ ‘ಪ್ರಕೃತಿಯ ಸಾಮಾನ್ಯ ಗತಿಯಲ್ಲಿ ಸಾವಿಗೆ ಸಾಕಾಗುವ ಗಾಯ’. ಸಂಭವ ಒಂದು ಮಟ್ಟ, ಸಾಕಾಗುವುದು ಅದಕ್ಕಿಂತ ಮೇಲಿನ ಮಟ್ಟ. 1876ರ ಗೋವಿಂದ ಪ್ರಕರಣದಲ್ಲಿ 18ರ ಗಂಡ ತನ್ನ 15ರ ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಎರಡು ಮೂರು ಬಾರಿ ಬಲವಾಗಿ ಗುದ್ದಿದ. ಮಿದುಳಿನಲ್ಲಿ ರಕ್ತ ಸೋರಿ ಆಕೆ ಸತ್ತಳು. ಕೊಲ್ಲುವ ಉದ್ದೇಶವಿರಲಿಲ್ಲ, ಬರಿಗೈಯ ಗುದ್ದು ಸಾಮಾನ್ಯ ಗತಿಯಲ್ಲಿ ಸಾವಿಗೆ ಸಾಕಾಗುವಂಥದ್ದೂ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಮೆಲ್ವಿಲ್ ಅದನ್ನು ಕೊಲೆಯಲ್ಲದ ನರಹತ್ಯೆ ಎಂದರು. ಆ ಹುಡುಗಿಯ ವಯಸ್ಸು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆಗಲೂ ಬೇಕು. ಆದರೆ ಸಂಕಟದ ತೂಕಕ್ಕೆ ತಕ್ಕಂತೆ ಕಲಂ ಹಾಕಲು ಬರುವುದಿಲ್ಲ.

ಇದರ ಎದುರಿಗೆ ವಿರ್ಸಾ ಸಿಂಗ್ ಪ್ರಕರಣ, 1958. ಹೊಟ್ಟೆಗೆ ಈಟಿಯಿಂದ ಒಂದೇ ಒಂದು ತಿವಿತ. ಗಾಯಾಳು ಸುಮಾರು 21 ಗಂಟೆ ಬದುಕಿದ್ದ. ಸಾಯಿಸುವ ಉದ್ದೇಶವಿತ್ತೆಂದು ಸಾಬೀತಾಗಿಲ್ಲವಲ್ಲ ಎಂಬ ವಾದವನ್ನು ನ್ಯಾಯಮೂರ್ತಿ ವಿವಿಯನ್ ಬೋಸ್ ಒಪ್ಪಲಿಲ್ಲ. ಅವರು ಹಾಕಿಕೊಟ್ಟ ಪರೀಕ್ಷೆಗೆ ನಾಲ್ಕು ಹೆಜ್ಜೆ. ಗಾಯವಿದೆಯೇ? ಅದು ಎಂಥದ್ದು? ಅದೇ ಗಾಯವನ್ನು ಮಾಡುವ ಉದ್ದೇಶವಿತ್ತೇ, ಇಲ್ಲ ಕೈತಪ್ಪಿ ಅಥವಾ ಆಕಸ್ಮಿಕವಾಗಿ ತಗುಲಿತೇ? ಆ ಗಾಯ ಸಾವಿಗೆ ಸಾಕಾಗುವಂಥದ್ದೇ? ಮನಸ್ಸಿನ ಪ್ರಶ್ನೆ ಬರುವುದು ಮೂರನೆಯ ಹೆಜ್ಜೆಯಲ್ಲಿ ಮಾತ್ರ. ನಾಲ್ಕನೆಯದು ವೈದ್ಯರ ಸಾಕ್ಷ್ಯದಿಂದ ತೀರ್ಮಾನವಾಗುವ ವಿಷಯ. ‘ಇದು ಸಾವಿಗೆ ಸಾಕು ಎಂದು ಆರೋಪಿಗೆ ತಿಳಿದಿತ್ತೇ’ ಎಂದು ನಾಲ್ಕನೆಯ ಹೆಜ್ಜೆಯಲ್ಲಿ ಚರ್ಚಿಸಿದ ಉತ್ತರ ಪತ್ರಿಕೆಗಳಿಗೆ ಲೆಕ್ಕವಿಲ್ಲ. ಆ ಪ್ರಶ್ನೆಯನ್ನು 101ರ ಮೂರನೆಯ ಖಂಡ ಕೇಳುವುದೇ ಇಲ್ಲ.

ಕೃತ್ಯ ಮತ್ತು ಮನಸ್ಸಿನ ಗಳಿಗೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1919ರ ಪಳನಿ ಗೌಂಡನ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಗಂಡ ನೇಗಿಲ ಗುಳದಿಂದ ಹೆಂಡತಿಯ ತಲೆಗೆ ಹೊಡೆದ. ಅವಳು ಪ್ರಜ್ಞೆತಪ್ಪಿ ಬಿದ್ದಳು. ಸತ್ತೇ ಹೋದಳೆಂದು ನಂಬಿ, ಆತ್ಮಹತ್ಯೆಯಂತೆ ಕಾಣಲೆಂದು ಹಗ್ಗ ಹಾಕಿ ತೊಲೆಗೆ ನೇತುಹಾಕಿದ. ಸಾವು ಬಂದದ್ದು ಹಗ್ಗದಿಂದ. ಹೊಡೆದಾಗ ಕೊಲ್ಲುವ ಉದ್ದೇಶವಿರಲಿಲ್ಲ. ನೇತುಹಾಕಿದಾಗ ಅವನ ಮನಸ್ಸಿನಲ್ಲಿದ್ದದ್ದು ಒಂದು ಹೆಣ. ಹೆಣವನ್ನು ಕೊಲ್ಲುವ ಉದ್ದೇಶ ಎಂಬುದಿಲ್ಲ. ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಇದು ನರಹತ್ಯೆಯಲ್ಲ ಎಂದಿತು. ತಲೆಗೆ ಹೊಡೆದದ್ದಕ್ಕೆ ತಕ್ಕ ಅಪರಾಧ ಮಾತ್ರ ಉಳಿಯಿತು. 1954ರಲ್ಲಿ ಬಸುಟೊಲ್ಯಾಂಡಿನಿಂದ (ಇಂದಿನ ಲೆಸೊಥೊ) ಬ್ರಿಟಿಷ್ ಸಾಮ್ರಾಜ್ಯದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲಿಗೆ ಹೋದ ಥಾಬೊ ಮೆಲಿ ಪ್ರಕರಣವನ್ನು ಇದರ ಪಕ್ಕದಲ್ಲಿಡಿ. ಅಲ್ಲಿಯೂ ಹೊಡೆದರು, ಸತ್ತನೆಂದು ತಿಳಿದರು, ಅಪಘಾತದಂತೆ ಕಾಣಲೆಂದು ದಿಬ್ಬದಿಂದ ಕೆಳಗೆ ಉರುಳಿಸಿದರು. ಅವನು ಸತ್ತದ್ದು ಅಲ್ಲಿ ಚಳಿಗಾಳಿಗೆ ಬಿದ್ದುಕೊಂಡಿದ್ದರಿಂದ. ಆದರೂ ಕೊಲೆ ಎಂದೇ ತೀರ್ಪಾಯಿತು, ಏಕೆಂದರೆ ಕೊಲ್ಲುವ ಸಂಚು ಮೊದಲೇ ಇತ್ತು, ಹೊಡೆತವೂ ಉರುಳಿಸಿದ್ದೂ ಆ ಒಂದೇ ಸಂಚಿನ ತುಂಡುಗಳು. ಎರಡು ಪ್ರಕರಣಗಳ ನಡುವಿನ ವ್ಯತ್ಯಾಸ ಪೂರ್ತಿಯಾಗಿ ಮೊದಲ ಏಟಿನ ಗಳಿಗೆಯಲ್ಲಿ ಅಡಗಿದೆ.

ಕೊಲೆಯ ಐದು ವಿನಾಯಿತಿಗಳಲ್ಲಿ ಮೊದಲನೆಯದೂ ಗಡಿಯಾರ ನೋಡುತ್ತದೆ. ಪ್ರಚೋದನೆ ಗಂಭೀರವಾಗಿದ್ದರೆ ಸಾಲದು, ಹಠಾತ್ತಾಗಿಯೂ ಇರಬೇಕು. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಗೆ ಹೆಂಡತಿ ಇನ್ನೊಬ್ಬನ ಜೊತೆಗಿನ ತನ್ನ ಸಂಬಂಧದ ವಿಷಯ ಹೇಳಿದ ಮೇಲೆ ಅವರು ಆಕೆಯನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟರು, ಹಡಗಿಗೆ ಹೋಗಿ ರಿವಾಲ್ವರ್ ಪಡೆದರು, ಆ ವ್ಯಕ್ತಿಯನ್ನು ಅವನ ಕಚೇರಿಯಲ್ಲಿ ಹುಡುಕಿ, ಕೊನೆಗೆ ಅವನ ಮನೆಗೆ ಹೋಗಿ ಗುಂಡು ಹಾರಿಸಿ ಕೊಂದರು. ಮನೆ ಬಿಟ್ಟಾಗ ಒಂದೂವರೆ, ಗುಂಡು ಹಾರಿದಾಗ ನಾಲ್ಕು ಇಪ್ಪತ್ತು. ಮನಸ್ಸು ಹತೋಟಿಗೆ ಬರಲು ಅಷ್ಟು ಹೊತ್ತು ಸಾಕಿತ್ತು ಎಂದು ಸುಪ್ರೀಂ ಕೋರ್ಟ್ ವಿನಾಯಿತಿ ಕೊಡಲಿಲ್ಲ.

ಪ್ರಯತ್ನ ಮತ್ತು ಸಿದ್ಧತೆಯ ಗೆರೆಯನ್ನೂ ಇದೇ ಕಣ್ಣಿನಿಂದ ನೋಡಿದರೆ ಸುಲಭ. ಪಂಜಾಬಿನಿಂದ ಭತ್ತ ಹೊರಗೆ ಸಾಗಿಸುವುದು ನಿಷಿದ್ಧವಾಗಿದ್ದ ಕಾಲದಲ್ಲಿ, ದೆಹಲಿ ಕಡೆಗೆ ಹೊರಟಿದ್ದ ಲಾರಿಯನ್ನು ಗಡಿ ಇನ್ನೂ ಮೈಲಿಗಟ್ಟಲೆ ದೂರವಿದ್ದಾಗಲೇ ಸಮಾಲ್ಖಾ ತಡೆಗೇಟಿನಲ್ಲಿ ಹಿಡಿದರು. ಅಲ್ಲಿಂದಲೂ ಮನಸ್ಸು ಬದಲಿಸಿ ಹಿಂದಿರುಗಬಹುದಿತ್ತು, ಇದು ಸಿದ್ಧತೆ ಮಾತ್ರ ಎಂದಿತು ಮಲ್ಕಿಯತ್ ಸಿಂಗ್ ತೀರ್ಪು. ಪಾಟ್ನಾ ವಿಶ್ವವಿದ್ಯಾಲಯದ ಎಂಎ ಪರೀಕ್ಷೆಗೆ ಸುಳ್ಳು ಪ್ರಮಾಣಪತ್ರಗಳೊಂದಿಗೆ ಅರ್ಜಿ ಹಾಕಿದ ಅಭಯಾನಂದ ಮಿಶ್ರಾ ಮಾತ್ರ ಅರ್ಜಿ ಕಳುಹಿಸಿದಾಗಲೇ ಸಿದ್ಧತೆಯ ಹಂತ ದಾಟಿದ್ದರು. ಸಿದ್ಧತೆಗೆ ಸಾಮಾನ್ಯವಾಗಿ ಶಿಕ್ಷೆಯಿಲ್ಲ. ಡಕಾಯಿತಿಗೆ ಸಿದ್ಧತೆಯಂಥ ಕೆಲವಕ್ಕೆ ಮಾತ್ರ ಉಂಟು, ಕಲಂ 310(4).

ಸಾಮಾನ್ಯ ವಿನಾಯಿತಿಗಳು ಕಲಂ 14ರಿಂದ 44ರವರೆಗೆ. ಅಷ್ಟನ್ನೂ ಇಲ್ಲಿ ಹೇಳಲು ಸಾಧ್ಯವಿಲ್ಲ, ಎರಡನ್ನು ಹೇಳುತ್ತೇನೆ. 1958ರ ಮೇ ತಿಂಗಳ ಒಂದು ರಾತ್ರಿ, ಒಡಿಶಾದ ರಸಗೋವಿಂದಪುರದ ಪಾಳುಬಿದ್ದ ವಿಮಾನ ನಿಲ್ದಾಣ. ಅಲ್ಲಿ ದೆವ್ವಗಳಿವೆ ಎಂದು ಊರೆಲ್ಲ ಮಾತು. ಗುಜರಿ ವಿಮಾನ ಕೊಳ್ಳಲು ಬಂದ ವ್ಯಾಪಾರಿಯ ಜೊತೆಗಿದ್ದ ನೇಪಾಳಿ ಆಳು ರಾಮ್ ಬಹಾದ್ದೂರ್ ಥಾಪಾ ದೂರದಲ್ಲಿ ಮಿಣುಕುವ ಬೆಳಕು ಮತ್ತು ಆಡುವ ಆಕೃತಿಗಳನ್ನು ಕಂಡು, ದೆವ್ವವೆಂದೇ ನಂಬಿ ಕುಕ್ರಿ ಹಿಡಿದು ನುಗ್ಗಿದ. ಅಲ್ಲಿದ್ದದ್ದು ಲಾಟೀನು ಹಿಡಿದು ಹಿಪ್ಪೆಹೂ ಆಯುತ್ತಿದ್ದ ಆದಿವಾಸಿ ಹೆಂಗಸರು. ಒಬ್ಬಳು ಸತ್ತಳು, ಇಬ್ಬರಿಗೆ ಗಾಯ. ಟಾರ್ಚ್ ಹಾಕಿ ನೋಡಬಹುದಿತ್ತಲ್ಲ ಎಂದು ಸರ್ಕಾರ ಮೇಲ್ಮನವಿಯಲ್ಲಿ ವಾದಿಸಿತು. ಅವನ ನಂಬಿಕೆ, ಆ ಜಾಗದ ಹೆಸರು, ಜೊತೆಗಿದ್ದವರೂ ಹಾಗೆಯೇ ತಿಳಿದದ್ದು, ಎಲ್ಲವನ್ನೂ ನೋಡಿ ಒಡಿಶಾ ಹೈಕೋರ್ಟ್ ಬಿಡುಗಡೆಯನ್ನು ಎತ್ತಿಹಿಡಿಯಿತು. ಇಂದು ಅದು ಕಲಂ 17, ಸದ್ಭಾವದಿಂದ ವಾಸ್ತವಾಂಶವನ್ನು ತಪ್ಪಾಗಿ ತಿಳಿದದ್ದು. ಕಾನೂನೇ ಗೊತ್ತಿರಲಿಲ್ಲ ಎಂಬುದಕ್ಕೆ ಈ ರಕ್ಷಣೆ ಸಿಗದು.

ಎರಡನೆಯದು ಖಾಸಗಿ ರಕ್ಷಣೆ. ಆತಂಕಕ್ಕೆ ಸಕಾರಣ ಹುಟ್ಟಿದೊಡನೆ ಆ ಹಕ್ಕು ಹುಟ್ಟುತ್ತದೆ, ಆತಂಕ ಇರುವವರೆಗೆ ಮಾತ್ರ ಇರುತ್ತದೆ (ಕಲಂ 40). ಮಚ್ಚು ಬೀಸುತ್ತಿದ್ದವನ ಕೈಗೆ ಹೊಡೆದು ಮಚ್ಚು ಕೆಡವಿದ್ದು ರಕ್ಷಣೆ. ಮಚ್ಚು ಬಿದ್ದ ಮೇಲೆ, ಅವನು ಬೆನ್ನು ತಿರುಗಿಸಿ ಓಡುತ್ತಿರುವಾಗ ಹಾಕಿದ ಏಟು ಸೇಡು. ಮರಣೋತ್ತರ ವರದಿಯಲ್ಲಿ ಗಾಯಗಳು ಎದುರಿಗಿವೆಯೋ ಬೆನ್ನಿಗಿವೆಯೋ ಎಂದು ವಕೀಲರು ಮೊದಲು ನೋಡುವುದು ಇದಕ್ಕೇ.

ವಿನಾಯಿತಿಯನ್ನು ರುಜುವಾತು ಮಾಡುವ ಹೊಣೆ ಆರೋಪಿಯದು, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 108. ಇದನ್ನು ಓದಿದ ಕೂಡಲೇ ಹಲವರು ‘ಹಾಗಾದರೆ ಭಾರ ತಿರುಗಿತು’ ಎಂದು ಬರೆಯುತ್ತಾರೆ. ತಿರುಗುವುದಿಲ್ಲ. ಅಪರಾಧದ ಎಲ್ಲ ಅಂಶಗಳನ್ನೂ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಮೊದಲಿನಿಂದ ಕೊನೆಯವರೆಗೂ ಪ್ರಾಸಿಕ್ಯೂಷನ್ನಿನದೇ. ಆರೋಪಿ ತನ್ನ ವಿನಾಯಿತಿಯನ್ನು ‘ಹೀಗೆ ಆಗಿರುವ ಸಂಭವವೇ ಹೆಚ್ಚು’ ಎನ್ನುವಷ್ಟಕ್ಕೆ ತೋರಿಸಿದರೆ ಸಾಕು. ಅಷ್ಟೂ ಆಗದೆ, ಅವನು ತಂದ ಸಾಕ್ಷ್ಯದಿಂದ ಅವನ ಮನಸ್ಥಿತಿಯ ಬಗ್ಗೆಯೇ ಸಂಶಯ ಹುಟ್ಟಿದರೂ ಬಿಡುಗಡೆಯಾಗಬಹುದು. 1964ರ ದಹ್ಯಾಭಾಯಿ ಠಕ್ಕರ್ ತೀರ್ಪು ಬುದ್ಧಿವಿಕಲತೆಯ ಸಂದರ್ಭದಲ್ಲಿ ಇದನ್ನು ಬಿಡಿಸಿ ಹೇಳಿದೆ. ಬುದ್ಧಿ ಕೆಟ್ಟಿದ್ದು ಕೃತ್ಯದ ಹೊತ್ತಿನಲ್ಲಿ ಆಗಿರಬೇಕು ಎಂಬುದೂ ಅಲ್ಲೇ ಸ್ಪಷ್ಟವಾಗಿದೆ. ಹಿಂದಿನ ವರ್ಷದ ಆಸ್ಪತ್ರೆ ಚೀಟಿ, ಮುಂದಿನ ವರ್ಷದ ಪ್ರಮಾಣಪತ್ರ ಇವು ಆ ಹೊತ್ತಿನತ್ತ ಬೆರಳು ತೋರುವ ಸುಳಿವುಗಳು ಮಾತ್ರ.

ವಿದ್ಯಾರ್ಥಿಗಳು ಕೈಗೆ ಸಿಕ್ಕಿದ ಎಫ್‌ಐಆರ್ ಒಂದನ್ನು ಎದುರಿಗಿಟ್ಟುಕೊಂಡು ಇದನ್ನೆಲ್ಲ ಅಭ್ಯಾಸ ಮಾಡಬಹುದು. ನಮೂನೆಯ ಮೂರನೆಯ ಅಂಕಣ ಕೃತ್ಯ ನಡೆದ ದಿನ ಮತ್ತು ವೇಳೆಯದು. ಮೋಸದ ದೂರಾದರೆ ಅದನ್ನು ಕಥನದ ಜೊತೆ ಇಟ್ಟು ಓದಿ. ಸೈಟು ಕೊಡಿಸುತ್ತೇನೆಂದು ಹಣ ಪಡೆದವನ ಮೇಲಿನ ದೂರಿನಲ್ಲಿ ಎಷ್ಟೋ ಸಲ “ಹಣ ವಾಪಸ್ ಕೊಡುವುದಿಲ್ಲ, ಏನು ಬೇಕಾದರೂ ಮಾಡಿಕೋ ಎಂದ” ದಿನವೇ ಕೃತ್ಯದ ದಿನವಾಗಿ ಕೂತಿರುತ್ತದೆ. ಮೋಸಕ್ಕೆ ಬೇಕಾದದ್ದು ಹಣ ಕೈಬದಲಾಯಿಸಿದ ದಿನ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು. ಆಮೇಲೆ ಮಾತು ತಪ್ಪಿದ್ದು ತಾನಾಗಿಯೇ ಮೋಸವಾಗದು ಎಂದು 2000ದ ಹೃದಯ ರಂಜನ್ ತೀರ್ಪು ಹೇಳಿದೆ. ಜೊತೆಗೆ ಮೋಸದ 318 ಮತ್ತು ನಂಬಿಕೆ ದ್ರೋಹದ 316 ಎರಡನ್ನೂ ಒಂದೇ ಹಣಕ್ಕೆ ಒಟ್ಟಿಗೆ ಹಾಕಿರುವುದೂ ಕಾಣಬಹುದು. ಒಂದಕ್ಕೆ ಶುರುವಿನಿಂದಲೇ ಕೆಟ್ಟ ಮನಸ್ಸು ಬೇಕು, ಇನ್ನೊಂದಕ್ಕೆ ಶುರುವಿನಲ್ಲಿ ಪ್ರಾಮಾಣಿಕವಾದ ಒಪ್ಪಿಸುವಿಕೆ ಬೇಕು. ಒಂದೇ ಸಂಗತಿಯಲ್ಲಿ ಎರಡೂ ಕೂಡಿರಲಾರವು ಎಂದು 2024ರ ಆಗಸ್ಟ್‌ನಲ್ಲಿ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ತಿಳಿಹೇಳಿತು. ಆ ಸೈಟಿನ ದೂರಿನಲ್ಲಿ ಹುಡುಕಬೇಕಾದದ್ದು ಇಷ್ಟು: ಹಣ ಪಡೆದ ದಿನ ಆ ಜಮೀನು ಯಾರ ಹೆಸರಿನಲ್ಲಿತ್ತು, ಅದೇ ಸೈಟನ್ನು ಅವನು ಅಷ್ಟರಲ್ಲೇ ಬೇರೆ ಯಾರಿಗಾದರೂ ಬರೆದುಕೊಟ್ಟಿದ್ದನೇ, ತೋರಿಸಿದ ಕಾಗದಗಳು ಆ ದಿನಕ್ಕೆ ಅಸಲಿಯಾಗಿದ್ದವೇ. ಮೊದಲ ಎರಡಕ್ಕೆ ಉತ್ತರ ಬಹುಮಟ್ಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ, ತಾರೀಖಿನ ಸಮೇತ ಸಿಗುತ್ತದೆ.